ಅಜ್ಜಿಯಿರುವ ಅನಾಥರು

ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಅಲೆವೂರಿನ ಯುವಕನೊಬ್ಬ ಕಳೆದ ತಿಂಗಳು ಗುಣನಡತೆಯ ಪತ್ರ ಕೇಳಲು ಬಂದಿದ್ದ. ಪೂರ್ವ ಆಫ್ರಿಕದ ಹಳ್ಳಿಯೊಂದರ ಅನಾಥಾಲಯದಲ್ಲಿ ನಾಲ್ಕು ವಾರ ಸೇವೆ ಸಲ್ಲಿಸುವುದು ಅವನ ಇಚ್ಛೆ. ಪ್ರಯಾಣದ ಖರ್ಚಲ್ಲದೆ, ಕಳುಹಿಸಿಕೊಡುವ ಸಂಸ್ಥೆಗೂ ಅವನೇ ಶುಲ್ಕ ತೆರಬೇಕು. ಹುಡುಗನ ಮನಸ್ಸು ನಿರ್ಮಲವಾದುದು. ಆದರೂ ಸಹಿ ಹಾಕುವ ಮುನ್ನ ಅವನನ್ನು ಕುಳ್ಳಿರಿಸಿಕೊಂಡು ಒಂದು ಗಂಟೆ ಮಾತನಾಡಿದೆ. ವಿಷಯವು ಅವನೊಬ್ಬನದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ಅನಾಥ’ ಎಂಬ ಪದವನ್ನೇ ಪರಿಶೀಲಿಸೋಣ. ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಯುನಿಸೆಫ್ ಅನಾಥರ ಲೆಕ್ಕಕ್ಕೆ ಸೇರಿಸುತ್ತದೆ. 2015ರಲ್ಲಿ ಅದರ ಅಂದಾಜಿನಂತೆ ಜಗತ್ತಿನಲ್ಲಿ ಅನಾಥ ಮಕ್ಕಳು ಸುಮಾರು 14 ಕೋಟಿ. ಇಬ್ಬರನ್ನೂ ಕಳೆದುಕೊಂಡವರು ಸುಮಾರು ಒಂದೂವರೆ ಕೋಟಿ ಮಾತ್ರ. ಏಡ್ಸ್ ರೋಗವು ಆಫ್ರಿಕದ ಹಳ್ಳಿಗಳಲ್ಲಿ ಒಂದು ತಲೆಮಾರನ್ನೇ ನುಂಗಿದಾಗ, ಉಳಿದ ಮಕ್ಕಳಲ್ಲಿ ಬಹುಪಾಲು ಜನರನ್ನು ಸಾಕಿದವರು ಅಜ್ಜಿಯರು, ಚಿಕ್ಕಮ್ಮಂದಿರು. ಆ ಮಕ್ಕಳಿಗೆ ನಾಥರಿಲ್ಲವೆಂದಲ್ಲ, ನಾಥರ ಕೈಯಲ್ಲಿ ಕಾಸಿಲ್ಲ. ಅನ್ನ ಮತ್ತು ಶಾಲೆ ಎರಡೂ ಆಶ್ರಮದಲ್ಲಿ ಮಾತ್ರ ದೊರೆಯುವುದಾದರೆ ಯಾವ ಅಜ್ಜಿಯಾದರೂ ಮಗುವನ್ನು ಅಲ್ಲಿಗೇ ಒಪ್ಪಿಸುವಳು.

ಸಂದರ್ಶಕರೂ ದಾನಿಗಳೂ ಹೆಚ್ಚಿದಂತೆ ಮಕ್ಕಳನ್ನು ಕಲೆಹಾಕಿ ತುಂಬಿಸುವ ಮಧ್ಯವರ್ತಿಗಳು ಹುಟ್ಟಿಕೊಂಡದ್ದು ಕೆಲವು ದೇಶಗಳ ಕಹಿ ಅನುಭವ. 2018ರಲ್ಲಿ ಆಸ್ಟ್ರೇಲಿಯ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವು ಅನಾಥಾಲಯಗಳಲ್ಲಿನ ಸ್ವಯಂಸೇವೆ ಹಾಗೂ ಪ್ರವಾಸದಿಂದಾಗುವ ಹಾನಿಯನ್ನು ಪ್ರಸ್ತಾಪಿಸಿತು. ಅಪರಿಚಿತರ ಕೊರಳಿಗೆ ತಕ್ಷಣ ಜೋತುಬೀಳುವ ಮಗುವನ್ನು ಕಂಡು ನಾವು ಕರಗುತ್ತೇವೆ. ಬಾಂಧವ್ಯಗಳು ಮತ್ತೆ ಮತ್ತೆ ಕಡಿದುಹೋದ ಮಗುವಿನ ಲಕ್ಷಣವದು ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ನಾಲ್ಕು ವಾರದ ಅಣ್ಣನು ಅದಕ್ಕೆ ಮತ್ತೊಂದು ಅಗಲಿಕೆಯನ್ನು ಕೊಟ್ಟು ಬರುತ್ತಾನೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂಬ ಕಾಂಟನ ವಿಚಾರವನ್ನು ಸೆಮಿನರಿಯಲ್ಲಿ ಪರೀಕ್ಷೆಗಾಗಿ ಓದಿದ್ದೆ. ನಮ್ಮ ಪುಣ್ಯಸಂಪಾದನೆಗೂ ಅದು ಅನ್ವಯಿಸುವುದೆಂದು ಹೊಳೆದದ್ದು ಬಹಳ ತಡವಾಗಿ.

ಉಗಾಂಡದ ಧರ್ಮಭಗಿನಿಯರ ನಿದರ್ಶನ ಗಮನಾರ್ಹ. ಅಲ್ಲಿನ ಧಾರ್ಮಿಕ ಸಭೆಗಳ ಒಕ್ಕೂಟವು 2016ರಲ್ಲಿ ಆರಂಭಿಸಿದ ‘ಕ್ಯಾಥೊಲಿಕ್ ಕೇರ್ ಫಾರ್ ಚಿಲ್ಡ್ರನ್’ ಕಾರ್ಯಕ್ರಮದಡಿ, ಅನಾಥಾಲಯ ನಡೆಸುತ್ತಿದ್ದ ಸಿಸ್ಟರುಗಳೇ ತರಬೇತಿ ಪಡೆದು, ಬಂಧುಗಳನ್ನು ಹುಡುಕಿ, ಮಕ್ಕಳನ್ನು ಮನೆ ಸೇರಿಸತೊಡಗಿದರು. ತಾವೇ ಕಟ್ಟಿದ ಸಂಸ್ಥೆಯ ಹಾಸಿಗೆಗಳನ್ನು ತಾವೇ ಖಾಲಿ ಮಾಡಲು ಎಂಥ ವಿನಯ ಬೇಕು!

ನಮ್ಮಲ್ಲೇನು ಪರಿಸ್ಥಿತಿ? ಪ್ರಥಮ ಪರಮಪ್ರಸಾದವಿರಲಿ, ಹುಟ್ಟುಹಬ್ಬವಿರಲಿ, ಬಾಲಾಶ್ರಮದಲ್ಲೊಂದು ಊಟ, ಬಳಿಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೋ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಂತೆ ಇಂತಹ ಮಕ್ಕಳ ಗುರುತು ತಿಳಿಯುವ ಚಿತ್ರಗಳನ್ನು ಪ್ರಕಟಿಸುವಂತಿಲ್ಲ. ವಾಟ್ಸಾಪಿನಲ್ಲಿ ಹರಿಯಬಿಡುವ ಮುನ್ನ ನಮಗೆ ಇದರ ನೆನಪಾಗುತ್ತದೆಯೇ? ಅದೇ ಕಾಯ್ದೆ ಸಂಸ್ಥೆಯ ವಾಸವನ್ನು ಕಟ್ಟಕಡೆಯ ಉಪಾಯವೆಂದು ಹೇಳುತ್ತದೆ. ಬಡ ವಿಧವೆಯ ಮಗು ಮನೆಯಲ್ಲೇ ಬೆಳೆಯಲೆಂದು ಕೇಂದ್ರದ ‘ಮಿಷನ್ ವಾತ್ಸಲ್ಯ’ದಲ್ಲಿ ಅರ್ಹರಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ. ಜಿಲ್ಲಾಡಳಿತದ ರಜತಾದ್ರಿಯು ಅಲೆವೂರಿಗೆ ದೂರವೇನಲ್ಲ. ಆದರೆ ಅರ್ಜಿ ಬರೆಯಲಾರದ, ದಾಖಲೆ ಹೊಂದಿಸಲಾರದ ತಾಯಿಗೆ ಆ ಗುಡ್ಡವೇ ಆಫ್ರಿಕ.

ನಿಜಕ್ಕೂ ಯಾರೂ ಇಲ್ಲದ ಮಕ್ಕಳಿದ್ದಾರೆ. ಅವರಿಗಾಗಿ ರಾತ್ರಿಗಳನ್ನು ಸವೆಸಿದ ಸಿಸ್ಟರುಗಳನ್ನು ಬಲ್ಲೆ, ಅವರ ಮುಂದೆ ತಲೆಬಾಗುತ್ತೇನೆ. ನನ್ನ ತಕರಾರು ಊಟ ಬಡಿಸಿ ಹಿಂತಿರುಗುವ ನಮ್ಮ ಬಗ್ಗೆ. ಸಂತ ಯಕೋಬರ ಪತ್ರವು ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ, ತಾಯಿಯನ್ನು ಬಿಟ್ಟು ಮಗುವನ್ನು ಕಾಣುವುದಿಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಮ್ ಸಂಗಡಿಗರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗೇ ನಡೆದುಹೋಗುತ್ತಿದ್ದರು. ನಮ್ಮ ಇಗರ್ಜಿಗಳ ವಿನ್ಸೆಂಟ್ ಸಭೆಗಳಲ್ಲಿ ಇಂದು ಯುವಕರಿಗಿಂತ ನರೆಗೂದಲೇ ಹೆಚ್ಚು.

ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಹುಡುಗನು ಸಂಸ್ಥೆಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾನೆ: ಅಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಬಂಧುಗಳಿದ್ದಾರೆ, ಕಳೆದ ವರ್ಷ ಎಷ್ಟು ಮಂದಿ ಮನೆಗೆ ಮರಳಿದರು, ತನ್ನ ಶುಲ್ಕ ಎಲ್ಲಿಗೆ ಹೋಗುತ್ತದೆ. ಉತ್ತರ ಬಂದಿಲ್ಲ. ಈ ನಡುವೆ ಎರಡು ಶನಿವಾರ ಅವನು ನಮ್ಮ ವಿನ್ಸೆಂಟ್ ಸಭೆಯ ಹಿರಿಯರೊಬ್ಬರ ಜೊತೆ, ಮೊಮ್ಮಕ್ಕಳಿಬ್ಬರನ್ನು ಸಾಕುತ್ತಿರುವ ಅಜ್ಜಿಯೊಬ್ಬಳ ಪಡಿತರ ಚೀಟಿ ಸರಿಪಡಿಸಲು ಓಡಾಡಿದ್ದಾನೆ.