ನಾವು ಏಪ್ರಿಲ್ ತಿಂಗಳ ವಿದ್ವಾಂಸರಲ್ಲ



ಸೆಮಿನಾರು, ಕಾನ್ಫರೆನ್ಸು ಅಂದ್ರೆ ನಮ್ಮಲ್ಲೇ ಸುಮಾರು ಜನಕ್ಕೆ ತಾತ್ಸಾರ. "ಬೆಳಿಗ್ಗೆ ಒಂದು ಬ್ಯಾಗು, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ನಮ್ಮ ಹೋರಾಟ ಬೀದಿಯಲ್ಲಿದೆ, ಅದೆಲ್ಲ ನಮಗ್ಯಾಕೆ?" ಅಂತಾರೆ. ಈ ಮಾತಿಗೆ ನನ್ನ ತಕರಾರಿದೆ. ಒಳಗೆ ಕೂತು ಉಂಡವನು ಊಟ ಚೆನ್ನಾಗಿಲ್ಲ ಅನ್ನಬಹುದು. ಬಾಗಿಲಾಚೆ ನಿಂತಿರೋ ನಾವೇ ಬೇಡ ಅಂದ್ರೆ, ಒಳಗಿರೋರಿಗೆ ಅದಕ್ಕಿಂತ ಖುಷಿಯ ಸುದ್ದಿ ಇನ್ನೇನಿದೆ?

ಜಾತಿ ಬಗ್ಗೆ ಬಾಬಾಸಾಹೇಬರು ಬರೆದ ಮೊದಲ ದೊಡ್ಡ ಪ್ರಬಂಧ ಎಲ್ಲಿ ಓದಿದ್ದು ನೆನಪಿದೆಯಾ? 1916ರ ಮೇ 9ರಂದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ. ಆಗ ಅವರಿಗೆ 25 ವರ್ಷ. ಮರುವರ್ಷ ಅದು 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯ್ತು. ಆ ಹುಡುಗ ಅಲ್ಲಿಗೆ ಹೋಗಲು ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ ಇತ್ತು. ಕೂರಲು ಒಂದು ಕುರ್ಚಿ ಇತ್ತು. ಕೇಳಿಸಿಕೊಂಡು ಪ್ರಶ್ನೆ ಹಾಕೋ ಜನ ಇದ್ದರು. ಅಲ್ಲಿ ಅವರು ಹೇಳಿದ್ದು ತನ್ನ ನೋವಿನ ಕತೆಯನ್ನಲ್ಲ. ಒಳಜಾತಿ ಮದುವೆಯೇ ಜಾತಿಯನ್ನ ನಡೆಸೋ ಯಂತ್ರ ಅಂತ ಸಿದ್ಧಾಂತ ಮಂಡಿಸಿದರು.

ಈಗ ನಮ್ಮ ಸೆಮಿನಾರುಗಳ ಆಹ್ವಾನ ಪತ್ರಿಕೆ ತೆಗೆದು ನೋಡಿ. ಏಪ್ರಿಲ್ ಬಂತು ಅಂದ್ರೆ ದಲಿತ ವಿದ್ವಾಂಸರಿಗೆ ಫೋನ್ ಮೇಲೆ ಫೋನು. ಡಿಸೆಂಬರ್ 6ಕ್ಕೆ ಇನ್ನೊಂದು ರೌಂಡು. ಉಳಿದ ತಿಂಗಳು ಆರ್ಥಿಕತೆ, ಭಾಷಾವಿಜ್ಞಾನ, ಹವಾಮಾನ, ಭೌತವಿಜ್ಞಾನದ ಕಾನ್ಫರೆನ್ಸುಗಳಲ್ಲಿ ನಮ್ಮ ಹೆಸರೇ ಇರಲ್ಲ. ಭೂಗರ್ಭಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ನಮ್ಮ ಹುಡುಗಿಗೂ "ನಿಮ್ಮ ಅನುಭವ ಹಂಚಿಕೊಳ್ಳಿ ಮೇಡಂ" ಅಂತಾರೆ. ಥಿಯರಿ ಅವರದ್ದು, ಅನುಭವ ನಮ್ಮದು. ಗೋಪಾಲ್ ಗುರು 2002ರಲ್ಲೇ ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಈ ಶ್ರಮ ವಿಭಜನೆಯನ್ನ ಬಯಲಿಗೆಳೆದಿದ್ದರು. ಬೌದ್ಧಿಕ ಲೋಕದಲ್ಲೂ ವರ್ಣವ್ಯವಸ್ಥೆ ಇದೆ ಅಂತ. ಇಪ್ಪತ್ತು ವರ್ಷದ ಮೇಲಾಯ್ತು, ಆಹ್ವಾನ ಪತ್ರಿಕೆ ಬದಲಾಗಿಲ್ಲ.

ಒಂದು ಕಾನ್ಫರೆನ್ಸಿನಲ್ಲಿ ಏನು ಸಿಗುತ್ತೆ? ಸರ್ಟಿಫಿಕೇಟ್ ಬಿಡಿ. ನೀವು ಬರೆದದ್ದನ್ನ ಪತ್ರಿಕೆಗೆ ಕಳಿಸೋ ಮುಂಚೆ ಆ ವಿಷಯ ಗೊತ್ತಿರೋ ಹತ್ತು ಜನ ತಪ್ಪು ತೋರಿಸ್ತಾರೆ. ಯಾವ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಖಾಲಿ ಇದೆ, ಯಾರು ಪುಸ್ತಕ ಸಂಪಾದಿಸ್ತಿದ್ದಾರೆ, ಯಾವ ಗ್ರ್ಯಾಂಟಿಗೆ ಅರ್ಜಿ ಕರೆದಿದ್ದಾರೆ ಅನ್ನೋದು ಗೊತ್ತಾಗೋದು ಅಲ್ಲೇ. ಹೆಸರು ಕೇಳಿದರೆ "ಹೌದು, ಆ ಪೇಪರ್ ಓದಿದ ಹುಡುಗ" ಅಂತ ನೆನಪಿಟ್ಟುಕೊಳ್ಳೋರು ಸಿಗೋದೂ ಅಲ್ಲೇ. ಪ್ರೊಫೆಸರ್ ಮಕ್ಕಳಿಗೆ ಈ ಪರಿಚಯ ಮನೆಯ ಹಜಾರದಲ್ಲೇ ಆಗಿರುತ್ತೆ. ಕೂಲಿ ಮಾಡೋರ ಮಗಳಿಗೆ, ಪೌರಕಾರ್ಮಿಕರ ಮಗನಿಗೆ ಅದು ಟೀ ಬ್ರೇಕಿನಲ್ಲಿ ಆಗಬೇಕು. ಆ ಟೀ ಬ್ರೇಕನ್ನೂ ಕಸಿದುಕೊಂಡರೆ ಅವರಿಗೆ ಉಳಿದಿರೋ ದಾರಿ ಯಾವುದು?

ಕಸಿಯೋದು ಹೇಗೆ ಅಂತ ಕೇಳ್ತೀರಾ? ಮೊದಲು ದುಡ್ಡಿನಿಂದ. ರಿಜಿಸ್ಟ್ರೇಷನ್ ಫೀ ಕಟ್ಟು, ರೈಲು ಟಿಕೆಟ್ ಮಾಡಿಸು, ರೂಮು ನೋಡ್ಕೋ, ಆಮೇಲೆ ಬಿಲ್ಲು ಕೊಡು, ಮಂಜೂರಾದಾಗ ದುಡ್ಡು ಬರುತ್ತೆ. ಈ ನಿಯಮ ಮಾಡಿದವನ ಜೇಬಿನಲ್ಲಿ ಯಾವಾಗಲೂ ದುಡ್ಡಿರುತ್ತೆ. ಎಸ್‌ಸಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್ ತಿಂಗಳುಗಟ್ಟಲೆ ಬರದೇ, ಅದರಲ್ಲೇ ಊರಿಗೂ ಕಳಿಸೋ ಹುಡುಗ ಎಲ್ಲಿಂದ ತರಬೇಕು? ರೋಹಿತ್ ವೇಮುಲ ಬರೆದ ಕೊನೆಯ ಪತ್ರದಲ್ಲೂ, ತನಗೆ ಬರಬೇಕಿದ್ದ 7 ತಿಂಗಳ ಫೆಲೋಶಿಪ್ಪಿನ ಲೆಕ್ಕ ಇತ್ತು. ಆ ಲೆಕ್ಕವನ್ನ ಈ ದೇಶ ಇನ್ನೂ ಚುಕ್ತಾ ಮಾಡಿಲ್ಲ.

ಎರಡನೆಯದು ಅಂಕದಿಂದ. ಯುಜಿಸಿಯ 2018ರ ನಿಯಮಾವಳಿಯ ಸಂಶೋಧನಾ ಅಂಕಪಟ್ಟಿ ನೋಡಿ. ವಿದೇಶದಲ್ಲಿ ಪೇಪರ್ ಓದಿದರೆ 7 ಅಂಕ. ದೇಶದೊಳಗಿನ ಅಂತಾರಾಷ್ಟ್ರೀಯ ಕಾನ್ಫರೆನ್ಸಿಗೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿವಿ ಮಟ್ಟಕ್ಕೆ 2. ಅದೇ ಪೇಪರನ್ನ ಕಲಬುರಗಿಯಲ್ಲಿ ಓದಿದರೆ 2, ವಿಮಾನ ಹತ್ತಿ ಹೋಗಿ ಓದಿದರೆ 7! ಇದು ಜ್ಞಾನ ಅಳೆಯೋ ಮಾಪನವೋ, ಪಾಸ್‌ಪೋರ್ಟ್ ಅಳೆಯೋದೋ?

ಮೂರನೆಯದು ಭಾಷೆಯಿಂದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನಲ್ಲಿ ತಡವರಿಸಿದರೆ ಮುಂದಿನ ಸಾಲಿನಲ್ಲಿ ನಗು. ಬೀದರಿನಲ್ಲೋ ಚಾಮರಾಜನಗರದಲ್ಲೋ ಬೇಸಾಯದ ಬಗ್ಗೆ ಕಾನ್ಫರೆನ್ಸ್ ಮಾಡ್ತಾರೆ, ಆದ್ರೆ ಹೊಲದಲ್ಲಿ ದುಡಿಯೋರ ಭಾಷೆಗೆ ಅಲ್ಲಿ ಒಂದು ಗೋಷ್ಠಿಯೂ ಇರಲ್ಲ.

ಇಷ್ಟೆಲ್ಲ ಹೇಳಿದ ತಕ್ಷಣ "ಮೆರಿಟ್" ಅಂತ ಒಂದು ದನಿ ಬರುತ್ತೆ. ಬನ್ನಿ, ಮೆರಿಟ್ ಬಗ್ಗೆಯೇ ಮಾತಾಡೋಣ. 2015ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ಭಾರತದ ವಿಮಾನಗಳ ಬಗ್ಗೆ ಪ್ರಬಂಧ ಓದಿಸಿದರು. ಅದಕ್ಕೆ ಆಧಾರ ವೈಮಾನಿಕ ಶಾಸ್ತ್ರ. ಆ ಪುಸ್ತಕ ಪುರಾತನವಲ್ಲ, ಇಪ್ಪತ್ತನೇ ಶತಮಾನದ್ದು, ಅದರಲ್ಲಿರೋ ವಿಮಾನ ಹಾರಲ್ಲ ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳೇ 1974ರಲ್ಲಿ ಹೇಳಿದ್ದರು. ನಾಲ್ಕು ದಶಕದ ಹಿಂದೆ ಬಿದ್ದುಹೋದ ವಿಮಾನಕ್ಕೆ ವೇದಿಕೆ ಸಿಗುತ್ತೆ, ನಮ್ಮ ಹುಡುಗರ ಪೇಪರಿಗೆ ಮಾತ್ರ "ಕ್ವಾಲಿಟಿ" ಅಡ್ಡ ಬರುತ್ತೆ. ಆವತ್ತು ಆಯ್ಕೆ ಮಾಡಿದ್ದು ಮೆರಿಟ್ಟೋ, ಬಳಗವೋ?

ಇನ್ನೊಂದು ವಿಷಯ ನಮ್ಮವರಿಗೇ. 2016ರ ಪಿಎಚ್‌ಡಿ ನಿಯಮದಲ್ಲಿ ಪ್ರಬಂಧ ಸಲ್ಲಿಸೋ ಮುಂಚೆ ಎರಡು ಕಾನ್ಫರೆನ್ಸುಗಳಲ್ಲಿ ಪೇಪರ್ ಓದಬೇಕು ಅಂತ ಇತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯ್ತು. "ಪೀಡೆ ತೊಲಗಿತು" ಅಂತ ಸಂಭ್ರಮಿಸಿದವರಿದ್ದಾರೆ. ಕಡ್ಡಾಯದ ಹೆಸರಲ್ಲಿ ದುಡ್ಡಿಗೆ ಸರ್ಟಿಫಿಕೇಟ್ ಮಾರೋ ಅಂಗಡಿಗಳು ಎದ್ದಿದ್ದು ನಿಜ, ಅವು ಮುಚ್ಚಲಿ. ಆದ್ರೆ ನಿಯಮ ಹೋದ ಮಾತ್ರಕ್ಕೆ ಸಂದರ್ಶನದಲ್ಲಿ "ಎಲ್ಲೆಲ್ಲಿ ಪೇಪರ್ ಓದಿದ್ದೀರಿ?" ಅನ್ನೋ ಪ್ರಶ್ನೆ ಹೋಗಲ್ಲ. ಅನುಕೂಲ ಇರೋರು ನಿಯಮ ಇಲ್ಲದಿದ್ರೂ ಹೋಗ್ತಾರೆ, ಹೋಗ್ತಾನೇ ಇರ್ತಾರೆ. ನಮ್ಮ ಹುಡುಗರನ್ನ ಕಳಿಸಲೇಬೇಕು ಅನ್ನೋ ಒತ್ತಡ ಮಾತ್ರ ಗೈಡ್ ಮೇಲಿಂದ, ವಿಭಾಗದ ಮೇಲಿಂದ ಇಳೀತು. ಕಡ್ಡಾಯ ಹೋದ ಜಾಗದಲ್ಲಿ ಹಕ್ಕು ಬರಬೇಕಿತ್ತು. ಬರಲಿಲ್ಲ.

ಬಾಗಿಲು ಮುಚ್ಚಿದಾಗ ನಾವು ಸುಮ್ಮನೆ ಕೂತವರಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನ ಕರೆದು, ಭಾಷಣ ನೋಡಿ ಬೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಭಾಷಣ ತಿದ್ದಲು ಒಪ್ಪಲಿಲ್ಲ. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೇಳಿದರೆ ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಇವತ್ತು ದಲಿತ-ಬಂಡಾಯ ಬಿಟ್ಟು ಕನ್ನಡ ಸಾಹಿತ್ಯದ ಚರಿತ್ರೆ ಪಾಠ ಮಾಡಲು ಯಾವ ಮೇಷ್ಟ್ರಿಗೂ ಆಗಲ್ಲ.

ಹಾಗಂತ ನಮ್ಮದೇ ಬೇರೆ ಸಮ್ಮೇಳನ ಮಾಡ್ಕೊಂಡು ಸಾರ್ವಜನಿಕ ದುಡ್ಡಿನ ವೇದಿಕೆ ಅವರಿಗೆ ಬಿಟ್ಟುಕೊಡಬೇಕಾ? ಸಾಧ್ಯವಿಲ್ಲ. ಅದು ನಮ್ಮ ತೆರಿಗೆಯ ದುಡ್ಡೂ ಹೌದು. ಹಾಗಾಗಿ ಈ ಬೇಡಿಕೆಗಳು:

1. ಫೆಲೋಶಿಪ್ ಮೇಲೆ ಓದೋ ಎಸ್‌ಸಿ, ಎಸ್‌ಟಿ ಸಂಶೋಧಕರಿಗೆ ರಿಜಿಸ್ಟ್ರೇಷನ್ ಫೀ ಇರಬಾರದು. ಪ್ರಯಾಣದ ಹಣ ಮುಂಗಡವಾಗಿ ಕೊಡಬೇಕು. ವಿವಿಗಳು ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ಇದಕ್ಕೆ ನೇರವಾಗಿ ತೆಗೆದಿಡಬೇಕು.

2. ಪೇಪರ್ ಆಯ್ಕೆ ಮಾಡುವಾಗ ಹೆಸರು, ಊರು, ಗೈಡ್ ಹೆಸರು ಮುಚ್ಚಿಟ್ಟು ಓದಬೇಕು.

3. ಸರ್ಕಾರದ ಅನುದಾನದಲ್ಲಿ ನಡೆಯೋ ಪ್ರತಿ ಕಾನ್ಫರೆನ್ಸಿನ ಸಂಘಟನಾ ಸಮಿತಿ ಮತ್ತು ಭಾಷಣಕಾರರಲ್ಲಿ ಮೀಸಲಾತಿ ಪಾಲಿಸಬೇಕು. ಖರ್ಚಿನ ಲೆಕ್ಕ ಬಹಿರಂಗ ಆಗಬೇಕು.

4. ಕರ್ನಾಟಕದಲ್ಲಿ ನಡೆಯೋ ಕಾನ್ಫರೆನ್ಸುಗಳಲ್ಲಿ ಕನ್ನಡದಲ್ಲಿ ಪೇಪರ್ ಓದಲು, ಪ್ರಶ್ನೆ ಕೇಳಲು ಅವಕಾಶ ಮತ್ತು ಅನುವಾದದ ವ್ಯವಸ್ಥೆ ಇರಬೇಕು.

ಐದನೆಯದು ಸರ್ಕಾರಕ್ಕಲ್ಲ, ಈಗಾಗಲೇ ಒಳಗೆ ಹೋಗಿರೋ ನಮ್ಮ ಅಣ್ಣಂದಿರಿಗೆ, ಅಕ್ಕಂದಿರಿಗೆ. ಮುಂದಿನ ಸಲ ವೇದಿಕೆ ಹತ್ತುವಾಗ ಒಬ್ಬ ಕಿರಿಯರನ್ನ ಜೊತೆಗೆ ಕರ್ಕೊಂಡು ಹೋಗಿ. ಅವರ ಪೇಪರ್ ಮೊದಲೇ ಓದಿ ತಿದ್ದಿಕೊಡಿ. ಟೀ ಬ್ರೇಕಿನಲ್ಲಿ ನಾಲ್ಕು ಜನಕ್ಕೆ ಪರಿಚಯ ಮಾಡಿಸಿ.

ಏಪ್ರಿಲ್‌ನಲ್ಲಿ ನಮ್ಮನ್ನ ಕರೀರಿ, ಬರ್ತೀವಿ. ಜೂನ್‌ನಲ್ಲೂ ಕರೀರಿ, ಅಕ್ಟೋಬರ್‌ನಲ್ಲೂ ಕರೀರಿ. ಕರೆಯದಿದ್ದರೆ ಯಾಕೆ ಕರೆದಿಲ್ಲ ಅಂತ ಕೇಳೋಕೆ ಆರ್‌ಟಿಐ ಅರ್ಜಿ ಹಿಡ್ಕೊಂಡೇ ಬರ್ತೀವಿ.

ಒಪ್ಪಿಗೆಯಾದ್ರೆ ಶೇರ್ ಮಾಡಿ. ನಿಮ್ಮ ವಿವಿಯಲ್ಲಿ ಕಳೆದ ಮೂರು ವರ್ಷ ಎಷ್ಟು ಕಾನ್ಫರೆನ್ಸ್ ನಡೆದವು, ಎಷ್ಟು ಎಸ್‌ಸಿ, ಎಸ್‌ಟಿ ಸಂಶೋಧಕರಿಗೆ ಪ್ರಯಾಣದ ಹಣ ಕೊಟ್ಟರು ಅಂತ ಇವತ್ತೇ ಒಂದು ಅರ್ಜಿ ಹಾಕಿ. ಉತ್ತರ ಬಂದ ಮೇಲೆ ಮುಂದಿನ ಮಾತಾಡೋಣ.

ಜೈ ಭೀಮ್.