ಕೋಡಿ ಬಿದ್ದ ಮಾರಿಕಣಿವೆ, ದಡಕ್ಕೆ ಬಿದ್ದ ತೆಪ್ಪ

ಮಾರಿಕಣಿವೆ ಕೋಡಿ ಬಿತ್ತೆಂದರೆ ಚಿತ್ರದುರ್ಗ ಜಿಲ್ಲೆಗೇ ಹಬ್ಬ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು 1933ರಲ್ಲಿ ತುಂಬಿ ಹರಿದಿತ್ತು. ಮತ್ತೆ ಹರಿದದ್ದು 89 ವರ್ಷ ಕಳೆದು, 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ಹಿರಿಯೂರಿನಿಂದ ಬಸ್ಸು, ಟೆಂಪೋ ಹತ್ತಿ ಜನ ನೋಡಲು ಓಡಿದರು. ನೀರು ಕಂಡ ಕಡೆ ಬೋಟೂ ಬೇಕು ಅನ್ನಿಸುವುದು ಸಹಜವೇ.

ಆದರೆ ಸ್ವಾಮಿ, ನೀರಿಗೆ ಇಳಿಸಿದ ಸಾಮಾನು ಹಳತಾದ ಮೇಲೆ ಹೋಗುವುದೆಲ್ಲಿಗೆ?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಬಿದಿರಿನ ದಬ್ಬೆ ಹೆಣೆದು, ಎಮ್ಮೆ ಚರ್ಮ ಹೊದಿಸಿದರೆ ತೆಪ್ಪ. ಹಾಳಾದರೆ ದಬ್ಬೆ ಒಲೆಗೆ, ಚರ್ಮ ಮಣ್ಣಿಗೆ. ಆಮೇಲೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಮೇಲೆ ಡಾಂಬರು. ಈಗ ಫೈಬರ್ ತೆಪ್ಪ. ಹರಿದ ಹಾಳೆ, ತುಂಡಾದ ನೈಲಾನ್ ಬಲೆ ದಡದಲ್ಲೇ ಉಳಿದರೆ ಏನಾಗುತ್ತದೆ? ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡ ಅಂದುಕೊಂಡ ಜಾಗವೇ ಮಳೆಗಾಲದಲ್ಲಿ ಡ್ಯಾಮಿನ ತಳ. 2022ರಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ, ತೋಟಗಳಿಗೇ ನುಗ್ಗಿತ್ತು. ಹಿರಿಯೂರು, ಚಿತ್ರದುರ್ಗದ ನಲ್ಲಿಗಳಲ್ಲಿ ಬರುವುದು ಇದೇ ನೀರು.

ಫೈಬರ್‌ದು ಬೇರೆ ತಲೆನೋವು. ಕರಗಿಸಿ ಕೊಡ, ಬಕೆಟ್ಟು ಮಾಡಲು ಬರುವ ಪ್ಲಾಸ್ಟಿಕ್ ಅದಲ್ಲ. ಹಾಗಾಗಿ ಗುಜರಿಯವನಿಗೂ ಬೇಡ. ಸುಟ್ಟರೆ ವಿಷದ ಹೊಗೆ, ಗರಗಸ ಹಾಕಿದರೆ ಗಾಜಿನ ಧೂಳು. ದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಯೂ ಇದೇ ಜಾತಿ. ಜರ್ಮನಿಯಲ್ಲಿ ಅಂಥ ಹಳೆಯ ರೆಕ್ಕೆಗಳನ್ನು ಪುಡಿ ಮಾಡಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹಾಕುತ್ತಾರೆ. ಇಲ್ಲಿ ಅಂಥ ಏರ್ಪಾಡು ಆಗುವವರೆಗೆ ಹಳೆಯ ತೆಪ್ಪವನ್ನು ಇಡಿಯಾಗಿ ಬಳಸುವುದೇ ಜಾಣತನ. ಒಡಕಿಗೆ ತೇಪೆ ಹಾಕಿ, ಅಜೋಲ್ಲಾ ಬೆಳೆಸುವ ತೊಟ್ಟಿ ಮಾಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಮರುಬಳಕೆ ಒಳ್ಳೆಯದೇ. ಆದರೆ ಹಳೆಯ ಸಾಮಾನಿನ ಮೇಲೆ ಮನುಷ್ಯರನ್ನು ಕೂರಿಸಬಾರದು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಪ್ರವಾಸಿಗರ ದೋಣಿ ಮಗುಚಿ 22 ಜನ ಸತ್ತರು. ಅದು ಮೀನು ಹಿಡಿಯುವ ದೋಣಿ. ಮಾರ್ಪಡಿಸಿ ಪ್ರವಾಸಿಗರಿಗೆ ಬಿಟ್ಟಿದ್ದರು. ಮಕ್ಕಳೇ ಹೆಚ್ಚು ಹೋದರು.

ಲೈಫ್ ಜಾಕೆಟ್ಟಿನ ಕಥೆ ಇನ್ನೂ ಮೋಸದ್ದು. ನೋಡಲು ಕಿತ್ತಳೆ ಬಣ್ಣ ಹಾಗೇ ಇರುತ್ತದೆ. ಬಿಸಿಲಿಗೆ ಹೊಲಿಗೆ ಲಡ್ಡಾಗಿರುತ್ತದೆ, ಒಳಗಿನ ಫೋಮ್ ಸತ್ತಿರುತ್ತದೆ. ಹಿಂಡಿದರೆ ಮತ್ತೆ ಉಬ್ಬದಿದ್ದರೆ, ಪಟ್ಟಿ ಜಗ್ಗಿದರೆ ದಾರ ಬಿಚ್ಚಿದರೆ, ಅದನ್ನು ಯಾರಿಗೂ ಕೊಡಬೇಡಿ, ಪುಕ್ಕಟೆಯಾಗಿಯೂ! ಮೊದಲು ಪಟ್ಟಿಗಳನ್ನು ಕತ್ತರಿಸಿ, ಆಮೇಲೆ ಕಸದ ಗಾಡಿಗೆ ಹಾಕಿ. ಇಡಿಯಾಗಿ ಗುಜರಿಗೆ ಕೊಟ್ಟರೆ ನಾಳೆ ಇನ್ಯಾರದೋ ಮಗುವಿನ ಮೈಮೇಲೆ ಇರುತ್ತದೆ.

ಇನ್ನು ಲಾರಿ ಟ್ಯೂಬು. ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯಿಂದ ತಂದು, ಬಾವಿಯಲ್ಲಿ ಅದರ ಮೇಲೆಯೇ ಈಜು ಕಲಿತವರು ದುರ್ಗದ ಸೀಮೆಯಲ್ಲಿ ಎಷ್ಟೋ ಮಂದಿ. ಹತ್ತು ತೇಪೆಯ ಟ್ಯೂಬು ಬಾವಿಯ ನಡುವೆ ಉಸಿರು ಬಿಟ್ಟರೆ ಹುಡುಗನ ಗತಿಯೇನು? ಹಾಗಂತ ಚಳಿಗೆ ಸುಡುವುದೂ ಬೇಡ. ಸೀಳಿದರೆ ಬೈಕಿಗೆ ಲಗೇಜು ಕಟ್ಟಲು ಅದಕ್ಕಿಂತ ಒಳ್ಳೆಯ ಪಟ್ಟಿ ಇನ್ನೊಂದಿಲ್ಲ.

ಗಾಳಿ ನಿಲ್ಲುವ ಟ್ಯೂಬಿಗೆ ಬೇರೆ ಕೆಲಸವಿದೆ. ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಈಗ ಕೃಷಿಹೊಂಡಗಳಿವೆ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಕೈಗೆ ಹಿಡಿತವೇ ಸಿಗುವುದಿಲ್ಲ. ಏರಿಯ ಮೇಲೆ ಗೂಟ ಹೊಡೆದು, ಹೊಂಡದ ಆಚೆ ಬದಿ ಮುಟ್ಟುವಷ್ಟು ಹಗ್ಗ ಕಟ್ಟಿ, ತುದಿಗೆ ಆ ಟ್ಯೂಬು ಬಿಗಿದಿಟ್ಟರೆ ಬಿದ್ದವನತ್ತ ಎಸೆಯಲು ಆಗುತ್ತದೆ. ಖರ್ಚು ಹಗ್ಗದ್ದಷ್ಟೇ. ತಿಂಗಳಿಗೊಮ್ಮೆ ಗಾಳಿ ನೋಡುತ್ತಿರಬೇಕು.