ಊರು ಕೇರಿಗಳ ಕಥೆ: ಬಸವನಗುಡಿ

ಕಾರ್ತಿಕಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಗೆ ಹೋದವರು ಕಡಲೆಕಾಯಿಯ ರಾಶಿಗಳ ನಡುವೆ ದಾರಿ ಮಾಡಿಕೊಂಡು ದೇವಸ್ಥಾನವನ್ನು ಸೇರಬೇಕಾಗುವುದು. ಹಿಂದೆ ಇಲ್ಲಿದ್ದುದು ಸುಂಕೇನಹಳ್ಳಿ. ಹೊಲಕ್ಕೆ ನುಗ್ಗಿ ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಒಪ್ಪಿಸತೊಡಗಿದರೆಂದು ಐತಿಹ್ಯವುಂಟು. ಸುಮಾರು 15 ಅಡಿ ಎತ್ತರದ ಆ ಏಕಶಿಲಾ ಬಸವನಿಗೆ ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರೆಂದು ಹೇಳುವರು. ಗುಡಿಯು ಪುರಾತನವಾದುದು, ಅದರ ಹೆಸರನ್ನು ಹೊತ್ತ ಬಡಾವಣೆಯಾದರೋ ಒಂದು ಮಹಾಭಯದಿಂದ ಹುಟ್ಟಿತು.

1898ನೆಯ ಇಸವಿಯಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಮನೆಗೆ ಮನೆ ತಾಗಿದ್ದಿತು. ಧಾನ್ಯದ ಮೂಟೆಗಳ ನಡುವೆ ಇಲಿಗಳು ಬೆಳೆಯುತ್ತಿದ್ದುವು. ಜನರು ಮನೆಗಳಿಗೆ ಬೀಗ ಹಾಕಿ, ಮಕ್ಕಳುಮರಿಗಳೊಡನೆ ಊರ ಹೊರಗಿನ ಬಯಲಿನಲ್ಲಿ ಗುಡಿಸಿಲುಗಳನ್ನು ಹಾಕಿಕೊಂಡರು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುವುದೆಂದು ಫ್ರಾನ್ಸಿನ ವೈದ್ಯನಾದ ಪಾಲ್ ಲೂಯಿ ಸಿಮಾನನು ಅದೇ ವರ್ಷ ಕಂಡುಕೊಂಡನಾದರೂ ಆ ಮಾತು ಒಡನೆಯೇ ಲೋಕಕ್ಕೆ ಒಪ್ಪಿಗೆಯಾಗಲಿಲ್ಲ. ಇಕ್ಕಟ್ಟಿನಲ್ಲಿ ಸಾವಿರುವುದೆಂಬುದು ಮಾತ್ರ ಎಲ್ಲರಿಗೂ ಕಂಡಿದ್ದಿತು.

ಆದುದರಿಂದ ಮೈಸೂರು ಸರ್ಕಾರದವರು ಊರಿಗೆ ಉತ್ತರದಲ್ಲಿ ಮಲ್ಲೇಶ್ವರವನ್ನೂ ದಕ್ಷಿಣದಲ್ಲಿ ಬಸವನಗುಡಿಯನ್ನೂ ಏರ್ಪಡಿಸಿದರು. ಅಗಲವಾದ ನೇರ ರಸ್ತೆಗಳು, ಸಾಲುಮರಗಳು, ಪ್ರತಿ ಮನೆಯ ಸುತ್ತಲೂ ತೆರೆದ ಸ್ಥಳ, ಹಿತ್ತಿಲ ಹಿಂದೆ ಕಸ ಮಲಗಳನ್ನು ಸಾಗಿಸುವವರಿಗೆ ಬೇರೆ ಓಣಿ: ಹೀಗೆ ಗಾಳಿ ಬೆಳಕುಗಳಿಗೆ ಮೊದಲು ಸ್ಥಳವನ್ನು ಬಿಟ್ಟು, ಆ ಬಳಿಕ ಗೋಡೆ ಎಬ್ಬಿಸಿದುದಾಯಿತು. ನಿವೇಶನಗಳನ್ನು ಜಾತಿಜಾತಿಗೆ ಬೇರೆಬೇರೆ ಭಾಗಗಳಲ್ಲಿ ಹಂಚಿದುದೂ ಉಂಟು. ರೋಗವನ್ನು ದೂರವಿಟ್ಟ ವಿವೇಕವು ಮನುಷ್ಯರ ನಡುವಣ ದೂರವನ್ನು ಕಳೆಯಲಿಲ್ಲವೆಂಬುದನ್ನು ನಾವು ಮರೆಮಾಚಲಾಗದು.

ಆರೋಗ್ಯಕ್ಕಾಗಿ ಬಿಟ್ಟ ಆ ಸ್ಥಳವೇ ಕ್ರಮೇಣ ಬಾಳಿನ ಸೊಬಗಾಯಿತು. ಮುಂದೆ ಜಗಲಿ, ಹಿಂದೆ ಬಾವಿಕಟ್ಟೆ, ತುಲಸಿ, ತೆಂಗು, ಕರಿಬೇವು. ಸಂಜೆ ಗಾಂಧಿಬಜಾರಿನಲ್ಲಿ ಹೂವು ಹಣ್ಣು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಇಲ್ಲಿ ತೆರೆಯಿತು. 1945ರಲ್ಲಿ ಶ್ರೀ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಮೀಪದ ಗವಿಪುರದಲ್ಲಿ ವಾಸವಾಗಿದ್ದರು. ನಡೆದು ಹೋಗುವಷ್ಟು ದೂರದಲ್ಲಿ ಪಾಠಶಾಲೆ, ಪುಸ್ತಕ, ಸಂಗೀತ, ದೇವರ ದರ್ಶನ, ಇವೆಲ್ಲ ದೊರೆಯುವ ಕೇರಿಯು ಗೃಹಸ್ಥನಿಗೆ ಸಾಮಾನ್ಯ ಭಾಗ್ಯವೆ?

ಈಗ ಊರು ಬೆಳೆದು ಬಸವನಗುಡಿಯು ಅದರ ನಡುವೆ ಸೇರಿಹೋಗಿದೆ; ನೆಲದ ಬೆಲೆಯು ಏರಿದೆ. ಹಿರಿಯರ ಮನೆಯು ನಾಲ್ವರು ಮಕ್ಕಳಲ್ಲಿ ಪಾಲಾಗುವಾಗ ಹಂಚಿನ ಮನೆಯನ್ನು ಕೆಡವಿ ಅಂತಸ್ತುಗಳನ್ನು ಕಟ್ಟಿಸುವುದು ಅನಿವಾರ್ಯವಾಗಬಹುದು. ಅವರನ್ನು ದೂರುವುದು ಸುಲಭ, ನಾವು ದೂರುವುದಿಲ್ಲ. ಒಂದು ಮಾತನ್ನು ಮಾತ್ರ ವಿಜ್ಞಾಪಿಸುವೆವು. ಹೊಸ ಮನೆಯ ನಕ್ಷೆಯನ್ನು ಬರೆಯಿಸುವಾಗ ಹಿತ್ತಿಲ ಒಂದು ಮರವನ್ನೂ ಪಕ್ಕದ ಮನೆಗೂ ನಮ್ಮ ಗೋಡೆಗೂ ನಡುವಣ ಸ್ಥಳವನ್ನೂ ಉಳಿಸಿಕೊಳ್ಳಿರಿ. ಬರಿದಾಗಿ ಕಾಣುವ ಆ ನಾಲ್ಕು ಮೊಳ ನೆಲವನ್ನು ನಮ್ಮ ಹಿರಿಯರು ಕಣ್ಣೀರಿಟ್ಟು ಕಲಿತು ಬಿಟ್ಟದ್ದು. ಅದನ್ನು ಮಕ್ಕಳ ಪಾಲಿಗೆ ಸೇರಿಸದೆ ಮಾರಿಕೊಳ್ಳುವುದು ಜಾಣತನವಾಗದು.